ಹಾಸನವೋ ಮಂಡ್ಯವೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತಂಗಿಗೆ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಹಾಕೋದು) ಮಾಡಬೇಕು. ಕಂಪ್ಯೂಟರ್ ಸೈನ್ಸ್‌ಗೆ ಹಾಸನದ ಮಲೆನಾಡು ಕಾಲೇಜನ್ನು ಮೇಲೆ ಹಾಕೋದಾ, ಮಂಡ್ಯದ ಪಿಇಎಸ್ ಅನ್ನಾ? ಒಂದು 1960ರದ್ದು, ಇನ್ನೊಂದು 1962ರದ್ದು. ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಅಟಾನಮಸ್ ಕಾಲೇಜುಗಳೇ, ಅಂದರೆ ಸಿಲಬಸ್, ಪರೀಕ್ಷೆ ಎಲ್ಲ ಅವರದ್ದೇ. ಪೆನ್ಸಿಲಲ್ಲಿ ಬರೆದು ಅಳಿಸಿ ಅಳಿಸಿ ನೋಟ್‌ಬುಕ್ ಹಾಳೆಯೇ ತೂತಾಗಿದೆ!

ನಮ್ಮದು ಅರಸೀಕೆರೆ. ಹಾಸನವಾದರೆ ದಿನಾ ಮನೆಯಿಂದಲೇ ಹೋಗಬಹುದು, ಅಮ್ಮನಿಗೆ ಅದೇ ಇಷ್ಟ. ಆದರೆ ಇವಳ ಕಣ್ಣೆಲ್ಲ ಮೈಸೂರಿನ ಮೇಲೆ. ಈ ರ್‍ಯಾಂಕಿಗೆ ಅಲ್ಲಿ ಸಿಗಲ್ಲ, ಮೂರನೇ ಸೆಮಿಸ್ಟರ್‌ಗೆ ಬದಲಾಯಿಸಿಕೊಳ್ತೀನಿ ಅಂತಾಳೆ. ಸೀಟು ಖಾಲಿ ಇರಬೇಕು, ಎರಡೂ ಕಡೆ ಒಪ್ಪಬೇಕು, ಸುಮ್ನೆ ಆಗೋ ಕೆಲಸ ಅಲ್ಲ ಅಲ್ವಾ?

ಹೀಗೆ ಕಾಲೇಜು ಬದಲಾಯಿಸಿದವರು ಯಾರಾದರೂ ಇದ್ದೀರಾ? ಸಿಲಬಸ್ ಬೇರೆ ಅಂತ ಹೆಚ್ಚುವರಿ ಪೇಪರ್ ಬರೆಯಬೇಕಾಯ್ತಾ? ಎನ್‌ಒಸಿ (ಕಾಲೇಜಿನ ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಯಾವಾಗ ಕೇಳಿದಿರಿ?