ರೆಸ್ಯೂಮೆಯಲ್ಲಿ ಆಲೆಮನೆ ಕೆಲಸ ಬರೆಯಬಹುದಾ?

ಮದ್ದೂರು ಹುಡುಗ:
ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದು ಒಂದೂವರೆ ವರ್ಷ ಆಯ್ತು. ಅಪ್ಪನಿಗೆ ಹುಷಾರಿಲ್ಲದೆ ನಮ್ಮ ಆಲೆಮನೆ ನೋಡಿಕೊಂಡಿದ್ದೆ. ಗುರುವಾರ ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಹೋದ ಸಲ ಇನ್ನೊಂದು ಕಡೆ "ಗ್ಯಾಪ್ ಯಾಕೆ?" ಅಂದಾಗ ಬಾಯೇ ಬರಲಿಲ್ಲ. ಬೆಲ್ಲ ಕಾಯಿಸುತ್ತಿದ್ದೆ ಅಂದ್ರೆ ನಗಲ್ವಾ? ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ರೆಸ್ಯೂಮೆ ಬೇರೆ ಮೂರು ಪುಟ ಇದೆ.

ಹೂಟಗಳ್ಳಿ ನೈಟ್ ಶಿಫ್ಟ್:
ನಗಲ್ಲ ಕಣಪ್ಪ. ಹನ್ನೊಂದು ವರ್ಷದಿಂದ ಮೇಂಟೆನೆನ್ಸ್‌ನಲ್ಲೇ ಇದ್ದೇನೆ, ಇಂಟರ್‌ವ್ಯೂ ಮಾಡೋಕೂ ಕೂರುತ್ತೇನೆ. ಗಾಣದ ಬುಷ್ (ಶಾಫ್ಟ್ ಸುತ್ತ ಕೂರೋ ಲೋಹದ ಬಳೆ) ಬದಲಾಯಿಸಿದ್ದೀಯಾ? ಮೋಟರ್ ಕೆಟ್ಟಾಗ ಏನು ಮಾಡಿದೆ? ಅದನ್ನೇ ಬರಿ. "ಕಬ್ಬಿನ ಗಾಣದ ಮೇಂಟೆನೆನ್ಸ್, 18 ತಿಂಗಳು: ಬುಷ್, ಬೆಲ್ಟ್, ಗ್ರೀಸಿಂಗ್." ಇಷ್ಟು ಸಾಕು. ಒಂದೇ ಪುಟಕ್ಕೆ ಇಳಿಸು. ಹಾಬಿ ತೆಗಿ, "ಕ್ರಿಕೆಟ್ ನೋಡುವುದು" ಅಂತ ಓದಿ ಓದಿ ನನಗೂ ಸಾಕಾಗಿದೆ. ಆಮೇಲೆ, ವರ್ನಿಯರ್ (ಸೂಕ್ಷ್ಮ ಅಳತೆ ತೆಗೆಯೋ ಸಾಧನ) ಕೈಗೆ ಕೊಟ್ಟು ಅಳತೆ ಓದು ಅಂದರೂ ಅನ್ನಬಹುದು. ಲೀಸ್ಟ್ ಕೌಂಟ್ (ಅದರಲ್ಲಿ ಓದಬಹುದಾದ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಅಂತ ಪಟಪಟ ಹೇಳಿ, ಸ್ಕೇಲ್ ಓದುವಾಗ ತಡವರಿಸುವವರೇ ಜಾಸ್ತಿ.

ಅಗ್ರಹಾರದ ಅಕ್ಕ:
ತಮ್ಮಾ, ಫೈಲಿಗೆ "ನ್ಯೂ ಫೈನಲ್ 2" ಅಂತ ಹೆಸರಿಡಬೇಡ. ನಿನ್ನ ಹೆಸರಿಟ್ಟು ಪಿಡಿಎಫ್ ಮಾಡಿ ಕಳಿಸು. ಹೊಸ ಶೂ ಅವತ್ತೇ ಹಾಕಬೇಡ, ಕಚ್ಚುತ್ತೆ.

ಮದ್ದೂರು ಹುಡುಗ:
ಮೋಟರ್ ಬೇರಿಂಗ್ ನಾನೇ ಬದಲಾಯಿಸಿದ್ದೆ ಅಣ್ಣ. ನಂಬರ್ ಇನ್ನೂ ನೆನಪಿದೆ, 6308.

ಹೂಟಗಳ್ಳಿ ನೈಟ್ ಶಿಫ್ಟ್:
ನೋಡು, ಅಲ್ಲೂ ಹಿಂಗೇ ಹೇಳು! ಕೊನೆಯ 08ನ್ನು 5ರಿಂದ ಗುಣಿಸಿದರೆ ಬೇರಿಂಗ್‌ನ ಒಳವ್ಯಾಸ 40 ಮಿ.ಮೀ. ಅದನ್ನೂ ಕೇಳಿಯಾರು.