‘ಸಾಪೇಕ್ಷ ಪರಿಣಾಮ’ ಅಂದರೆ ಸರಿಯಾ? ಜೊತೆಗೆ ಕುಗ್ಗು, ಹಿಗ್ಗು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಚಿನ್ನ ಯಾಕೆ ಹಳದಿ, ಪಾದರಸ ಲೋಹವಾದರೂ ಯಾಕೆ ಹರಿಯುತ್ತದೆ ಅನ್ನೋದು ವಿಷಯ. ಎರಡಕ್ಕೂ ಕಾರಣ ಐನ್‌ಸ್ಟೈನರ ರಿಲೇಟಿವಿಟಿ, ಅಂದರೆ ಸಾಪೇಕ್ಷತೆ. ವಿಷಯ ಹೇಗೋ ಬಿಡಿಸಿಟ್ಟೆ, ಪದಗಳೇ ಕೈಕೊಡುತ್ತಿವೆ.

ರಿಲೇಟಿವಿಸ್ಟಿಕ್ ಎಫೆಕ್ಟ್, ಅಂದರೆ ರಿಲೇಟಿವಿಟಿಯಿಂದ ಆಗುವ ಪರಿಣಾಮ, ಅನ್ನೋದಕ್ಕೆ ಮೊದಲು ‘ಸಾಪೇಕ್ಷ ಪರಿಣಾಮ’ ಅಂತ ಬರೆದೆ. ಮಾರನೇ ದಿನ ಓದಿದರೆ ಎಡವಟ್ಟು ಅನ್ನಿಸಿತು. ಹವಾಮಾನ ವರದಿಯಲ್ಲಿ ‘ಸಾಪೇಕ್ಷ ಆರ್ದ್ರತೆ’ ಅಂತಾರಲ್ಲ, ಅಲ್ಲಿ ಐನ್‌ಸ್ಟೈನ್ ಇಲ್ಲ, ಸುಮ್ನೆ ಹೋಲಿಕೆ ಅಷ್ಟೆ. ಇಂಗ್ಲಿಷಿನಲ್ಲಿ ರಿಲೇಟಿವ್ ಬೇರೆ, ರಿಲೇಟಿವಿಸ್ಟಿಕ್ ಬೇರೆ. ನಾವು ಎರಡಕ್ಕೂ ಒಂದೇ ಪದ ಹಾಕಿದರೆ ಏನಾಗುತ್ತೆ ನೋಡಿ. ಸೀಸ-ಆಮ್ಲ ಬ್ಯಾಟರಿಯ, ಅಂದರೆ ಮಾಮೂಲಿ ಕಾರ್ ಬ್ಯಾಟರಿಯ, ಒಂದು ಸೆಲ್ಲಿನಲ್ಲಿ ಸುಮಾರು 2.1 ವೋಲ್ಟ್ ಇರುತ್ತದೆ. ಅದರಲ್ಲಿ 1.7ರಿಂದ 1.8 ವೋಲ್ಟ್ ಬರುವುದು ರಿಲೇಟಿವಿಟಿಯಿಂದ ಅಂತ 2011ರಲ್ಲಿ ರಸಾಯನ ವಿಜ್ಞಾನಿ ಪೆಕ್ಕಾ ಪ್ಯೂಕ್ಕೋ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಇದನ್ನು ನಾನು ‘ವೋಲ್ಟೇಜಿನ ಸಾಪೇಕ್ಷ ಪಾಲು’ ಅಂತ ಬರೆದಿದ್ದೆ! ಓದಿದವರು ಯಾವುದೋ ಶೇಕಡಾವಾರು ಲೆಕ್ಕ ಅಂದುಕೊಂಡರೆ ತಪ್ಪು ಅವರದ್ದಲ್ಲ. ‘ಸಾಪೇಕ್ಷತಾ ಪರಿಣಾಮ’ ಅನ್ನಬಹುದು, ಆದರೆ ಆ ಒಂದು ‘ತಾ’ ಎಷ್ಟು ಮಕ್ಕಳ ಕಣ್ಣಿಗೆ ಬೀಳುತ್ತೆ?

ಎರಡನೆಯ ತೊಡಕು ಇನ್ನೂ ಮಜವಾಗಿದೆ: ಎಲೆಕ್ಟ್ರಾನುಗಳು ಒಳಕ್ಕೆ ಸರಿಯೋದಕ್ಕೆ, ಹೊರಕ್ಕೆ ಹರಡೋದಕ್ಕೆ ಏನನ್ನಬೇಕು? ಮೊದಲು ವಿಷಯ ಹೇಳುತ್ತೇನೆ. ಚಿನ್ನದ ಪರಮಾಣು ಸಂಖ್ಯೆ 79. ನ್ಯೂಕ್ಲಿಯಸ್ಸಿನ ಸೆಳೆತ ಎಷ್ಟು ಜಾಸ್ತಿ ಅಂದರೆ ತೀರಾ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಶೇಕಡಾ 58ರ ಹತ್ತಿರ ಹೋಗುತ್ತದೆ (79ನ್ನು 137 ಅನ್ನೋ ಸ್ಥಿರಾಂಕದಿಂದ ಭಾಗಿಸಿದರೆ ಆಯಿತು, ಬೆಳ್ಳಿಗೆ ಇದೇ ಲೆಕ್ಕ ಮಾಡಿದರೆ ಬರೀ 34). ಆ ವೇಗದಲ್ಲಿ ಎಲೆಕ್ಟ್ರಾನು ಶೇಕಡಾ 22ರಷ್ಟು ಹೆಚ್ಚು ಭಾರ ಇರುವ ಹಾಗೆ ನಡೆದುಕೊಳ್ಳುತ್ತದೆ, ಹಾಗಾಗಿ ಎಸ್ ಅನ್ನೋ ಬಗೆಯ ಆರ್ಬಿಟಲ್‌ಗಳು (ಎಲೆಕ್ಟ್ರಾನುಗಳು ಇರುವ ಜಾಗಗಳು), ಹೊರಗಿನ 6ಎಸ್ ಕೂಡ, ಒಳಕ್ಕೆ ಸರಿಯುತ್ತವೆ. ಒಳಗೆ ಬಂದವು ನ್ಯೂಕ್ಲಿಯಸ್ಸಿಗೆ ಅಡ್ಡ ನಿಲ್ಲುತ್ತವೆ. ಆಗ 5ಡಿ ಅನ್ನೋ ಇನ್ನೊಂದು ಬಗೆಯ ಆರ್ಬಿಟಲ್‌ಗೆ ಸೆಳೆತ ಕಡಿಮೆಯಾಗಿ ಅದು ಹೊರಕ್ಕೆ ಹರಡುತ್ತದೆ, ಅದರ ಶಕ್ತಿ ಮೇಲೇರುತ್ತದೆ. 5ಡಿ, 6ಎಸ್ ನಡುವಿನ ಅಂತರ ಹೀಗೆ ಕಡಿಮೆಯಾಗಿ, ನೀಲಿ ಬೆಳಕಿಗೇ ಎಲೆಕ್ಟ್ರಾನ್ ಜಿಗಿಯುತ್ತದೆ. ನೀಲಿ ಒಳಗೆ ಹೋಯಿತು, ಉಳಿದದ್ದು ನಮಗೆ ಹಳದಿ. ಬೆಳ್ಳಿಯಲ್ಲಿ ಜಿಗಿಯೋಕೆ ನೇರಳಾತೀತ ಬೆಳಕೇ ಬೇಕು, ಅದಕ್ಕೇ ಅದು ಬೆಳ್ಳಗೆ. ಪಾದರಸದಲ್ಲಿ 6ಎಸ್‌ನ ಎರಡೂ ಎಲೆಕ್ಟ್ರಾನುಗಳು ಒಳಗೆ ಮುದುಡಿ ಕೂತುಬಿಡುತ್ತವೆ, ಅಕ್ಕಪಕ್ಕದ ಪರಮಾಣುಗಳ ಜೊತೆ ಗಟ್ಟಿಯಾಗಿ ಸೇರುವುದಿಲ್ಲ. ಮೈನಸ್ 39 ಡಿಗ್ರಿಗೇ ಕರಗುತ್ತದೆ. ಕೋಷ್ಟಕದಲ್ಲಿ ಅದರ ಮೇಲಿನ ಮನೆಯ ಕ್ಯಾಡ್ಮಿಯಂ ಕರಗೋಕೆ 321 ಡಿಗ್ರಿ ಬೇಕು.

ಇದಕ್ಕೆಲ್ಲ ‘ಸಂಕೋಚನ’, ‘ವ್ಯಾಕೋಚನ’ ಅಂತ ಬರೆಯುವ ರೂಢಿ ಇದೆ. ನನಗೆ ಸಂಕೋಚನ ಅಂದ ಕೂಡಲೇ ಎಲೆಕ್ಟ್ರಾನು ನಾಚಿಕೊಂಡು ಬಾಗಿಲ ಹಿಂದೆ ನಿಂತ ಹಾಗೆ ಕಾಣುತ್ತದೆ. ನಮ್ಮಲ್ಲಿ ಕುಗ್ಗು, ಹಿಗ್ಗು ಅಂತ ಜೋಡಿಯೇ ಇದೆಯಲ್ಲ, ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ ಅಂತಲೇ ನಾವೆಲ್ಲ ಕಲಿತದ್ದು. ಎಸ್ ಕುಗ್ಗುತ್ತದೆ, ಡಿ ಹಿಗ್ಗುತ್ತದೆ. ಇವಕ್ಕೂ ಮನಸ್ಸಿನ ಅರ್ಥ ಉಂಟು, ಒಪ್ಪಿದೆ, ಆದರೆ ಇಲ್ಲಿ ಅದು ಗೊಂದಲ ಮಾಡುವುದಿಲ್ಲ, ನೆನಪಿಡೋಕೆ ಅನುಕೂಲವೇ.

‘ಸಾಪೇಕ್ಷತಾ ಕುಗ್ಗು’ ಅಂದರೆ ಅರಿಸಮಾಸ (ಸಂಸ್ಕೃತ, ಕನ್ನಡ ಪದ ಬೆರೆಸಿದ ತಪ್ಪು ಸಮಾಸ) ಅಂತ ಇಲ್ಲಿ ಯಾರಾದರೂ ಕಿವಿ ಹಿಂಡುತ್ತೀರಿ, ಗೊತ್ತು. ಬಿಡಿಸಿ ‘ಸಾಪೇಕ್ಷತೆಯ ಕುಗ್ಗು’, ‘ಸಾಪೇಕ್ಷತೆಯ ಪರಿಣಾಮ’, ‘ಸಾಪೇಕ್ಷತೆಯ ಪಾಲು’ ಅಂದರೆ ಆ ತಕರಾರೂ ಇಲ್ಲ, ‘ತಾ’ ಕಣ್ತಪ್ಪುವ ಭಯವೂ ಇಲ್ಲ. ಸದ್ಯ ಹೀಗೇ ತಿದ್ದಿದ್ದೇನೆ. ಒಂದೇ ಅನುಮಾನ ಉಳಿದಿದೆ: ನಾಮಪದವಾಗಿ ‘ಕುಗ್ಗು’ ಸಾಕಾ, ‘ಕುಗ್ಗುವಿಕೆ’ ಅನ್ನಲೇಬೇಕಾ? ನಿಮ್ಮ ಕಡೆ ಮಾತಿನಲ್ಲಿ ಹೇಗೆ ಅಂತೀರಿ, ಹೇಳಿ.