ಸಹಾಯ ಬೇಕು: ಎಸ್‌ಇಒ ಮಾಡಿಸಲಾ, ಸೈಟನ್ನೇ ಹೊಸದಾಗಿ ಮಾಡಿಸಲಾ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಮನೆಯಿಂದಲೇ ಅಮ್ಮ, ನಾನು ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಸೈಟ್ 2019ರದ್ದು. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತವೆ, ಸೈಟ್‌ನಿಂದ ವಾರಕ್ಕೆ ಎರಡೋ ಮೂರೋ.

ಇಬ್ಬರನ್ನು ವಿಚಾರಿಸಿದೆ. ಒಬ್ಬರು ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ) ಸಾಕು, ಒಂದೇ ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎನ್ನುತ್ತಾರೆ. ಹಾಗೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲೇ ಬರೆದಿದೆ, ಅಲ್ವಾ? ಇನ್ನೊಬ್ಬರದು ಪೂರ್ತಿ ಹೊಸ ಡಿಸೈನ್ ಮಾತು.

ಗೂಗಲ್ ಹುಡುಕಾಟದಿಂದ ಸೈಟಿಗೆ ಎಷ್ಟು ಜನ ಬರುತ್ತಾರೆ ಅಂತ ತೋರಿಸುವ ಸರ್ಚ್ ಕನ್ಸೋಲ್ ನೋಡಿದರೆ ಸಾರಿನ ಪುಡಿ ಪೇಜಿಗೆ ಕ್ಲಿಕ್ ಚೆನ್ನಾಗಿಯೇ ಇದೆ. ಜನ ಬರುತ್ತಾರೆ, ಕೊಳ್ಳದೆ ಹೋಗುತ್ತಾರೆ. ಮೊನ್ನೆ ಅತ್ತೆಯ ಹಳೇ ಫೋನಲ್ಲಿ ತೆರೆದೆ. ಮೇಲಿನ ದೊಡ್ಡ ಫೋಟೊ ಬರೋಕೆ 8 ಸೆಕೆಂಡ್ ಹಿಡಿಯಿತು, ಗೂಗಲ್ ಪ್ರಕಾರ 2.5 ಸೆಕೆಂಡ್ ಒಳಗೆ ಬರಬೇಕು. ಸಾಲದ್ದಕ್ಕೆ ಕಾರ್ಟ್ ಬಟನ್ ಮೇಲೆಯೇ ವಾಟ್ಸಾಪ್‌ನ ಹಸಿರು ಗುಂಡು ಕೂತಿದೆ, ಒತ್ತಿದರೆ ಚಾಟ್ ತೆರೆಯುತ್ತದೆ. ಇಷ್ಟು ದಿನ ನಾನು ಲ್ಯಾಪ್‌ಟಾಪಲ್ಲೇ ನೋಡಿಕೊಂಡು ಖುಷಿಯಾಗಿದ್ದೆ!

ಹಾಗಾಗಿ ತೊಂದರೆ ಸೈಟಿನದ್ದೇ ಅನ್ನಿಸುತ್ತಿದೆ. ಆದರೆ ಹೊಸದಾಗಿ ಮಾಡಿಸುವಾಗ ಲಿಂಕ್‌ಗಳು ಬದಲಾಗಿ, ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೇ ಲಿಂಕ್ ಒತ್ತಿದವರನ್ನು ತಾನಾಗಿ ಹೊಸ ಪೇಜಿಗೆ ಕಳಿಸುವ ಕಾಯಂ ಏರ್ಪಾಡು) ಹಾಕದಿದ್ದರೆ ಈಗಿರುವ ಸ್ಥಾನವೂ ಹೋಗುತ್ತದೆ ಅನ್ನೋ ಭಯ.

ಸುಮ್ನೆ ಫೋಟೊ ಸಣ್ಣದು ಮಾಡಿ, ಬಟನ್ ಸರಿಪಡಿಸಿ ಎರಡು ತಿಂಗಳು ನೋಡಲಾ? ಪೂರ್ತಿ ಬದಲಿಸಿದರೆ ಆ ರೀಡೈರೆಕ್ಟ್ ಪಟ್ಟಿ ಮಾಡೋದು ಯಾರ ಕೆಲಸ, ಡಿಸೈನ್ ಮಾಡುವವರದ್ದಾ, ನನ್ನದಾ? ಮಾಡಿಸಿದ ಅನುಭವ ಇದ್ದವರು ದಯವಿಟ್ಟು ಹೇಳಿ, ಖರ್ಚು ಎಷ್ಟಾಯಿತು ಅಂತಲೂ.